ಕೈಯಿಟ್ಟು ನೋಡಿದರೋ, ಕಣ್ಣಲ್ಲಿ ನೋಡಿದರೋ

ರಾಗಿ ಬೀಸಿಸಿಕೊಂಡು ಬರಲು ಹೋದವನು ಹಿಟ್ಟಿನ ಚಿಂತೆ ಬಿಟ್ಟು ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಅದು ಶನಿವಾರ ಬೆಳಿಗ್ಗೆ. ಇವತ್ತು ಗುರುವಾರ. ಗಿರಣಿಯ ಅಜ್ಜ ಕೇಳಿದ ಪ್ರಶ್ನೆ ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

"ಬೆಲ್ಟು ಬಿಗಿ ಮಾಡಿದವರು ಕೈಯಿಟ್ಟು ನೋಡಿದರೋ, ಕಣ್ಣಲ್ಲಿ ನೋಡಿದರೋ?"

"ಗೊತ್ತಿಲ್ಲ ಅಜ್ಜ" ಎಂದಿದ್ದೆ.

ತಿಪಟೂರಿನಿಂದ ಅರಸೀಕೆರೆ ಕಡೆಗೆ ಹೋಗುವ ಹೆದ್ದಾರಿ ಬಿಟ್ಟು ಒಳಗೆ ಹೋದರೆ ನಮ್ಮ ಊರು. ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬೈಕಿನಲ್ಲೇ ಹೋಗುತ್ತೇನೆ. ನನ್ನದು ಹಾರ್ಲೆ ಡೇವಿಡ್ಸನ್ ಸ್ಟ್ರೀಟ್ 750. ಹರಿಯಾಣದ ಬಾವಲ್‌ನಲ್ಲಿ ತಯಾರಾಗಿ 2014ರಿಂದ ಇಲ್ಲಿ ಮಾರಾಟವಾಗುತ್ತಿದ್ದ ಬೈಕು ಅದು. 2020ರಲ್ಲಿ ಕಂಪನಿ ಇಲ್ಲಿನ ತಯಾರಿಕೆಯನ್ನು ನಿಲ್ಲಿಸಿದ ಮೇಲೆ ಒಬ್ಬರ ಕೈಯಿಂದ ನನ್ನ ಕೈಗೆ ಬಂತು. ಊರಿನಲ್ಲಿ ನಿಲ್ಲಿಸಿದಾಗಲೆಲ್ಲ ಹುಡುಗರು ಸುತ್ತ ಬಂದು ಬಗ್ಗಿ ನೋಡಿ "ಅಣ್ಣಾ, ಇದಕ್ಕೆ ಚೈನೇ ಇಲ್ಲವಾ?" ಎಂದು ಕೇಳುತ್ತಾರೆ. ಇಲ್ಲ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವುದು ಹಲ್ಲುಗಳಿರುವ ಒಂದು ಕಪ್ಪು ಬೆಲ್ಟು. ಎಣ್ಣೆ ಬೇಡ, ಗ್ರೀಸು ಬೇಡ, ಬಟ್ಟೆಗೆ ಕಲೆಯಿಲ್ಲ. ಹಾರ್ಲೆಯವರು 1980ರಲ್ಲಿ ಇಂಥ ಹಲ್ಲಿನ ಬೆಲ್ಟನ್ನು ಸ್ಟರ್ಜಿಸ್ ಎಂಬ ಬೈಕಿಗೆ ಹಾಕಿದರು. ಅದಕ್ಕೂ ಎಷ್ಟೋ ಹಿಂದೆ, ಮೋಟರ್ ಸೈಕಲ್ಲುಗಳು ಆಗಷ್ಟೇ ಹುಟ್ಟಿದ್ದ ಕಾಲದಲ್ಲಿ, ಚಕ್ರ ತಿರುಗಿಸುತ್ತಿದ್ದದ್ದು ತೊಗಲಿನ ಪಟ್ಟಿ. ಮಳೆ ಬಿದ್ದರೆ ಅದು ಜಾರುತ್ತಿತ್ತು. ಈಗಿನ ಬೆಲ್ಟಿನ ಒಳಗೆ ಹುರಿಯಂತೆ ಓಡಿರುವುದು ಅರಮಿಡ್ ಎಂಬ ಗಟ್ಟಿ ಕೃತಕ ನಾರು ಅಥವಾ ಕಾರ್ಬನ್ ನಾರು. ಅದು ಎಳೆತಕ್ಕೆ ಜಗ್ಗುವುದಿಲ್ಲ. ಚೈನಿನ ಪಿನ್ನುಗಳು ಸವೆದು ಚೈನು ಉದ್ದವಾದಂತೆ ಬೆಲ್ಟು ಉದ್ದವಾಗುವುದಿಲ್ಲ. ಹೊಸದರಲ್ಲಿ ತುಸು ಸಡಿಲವಾಗಿ ಹೊಂದಿಕೊಳ್ಳುತ್ತದೆ, ಆಮೇಲೆ ಸಾವಿರಾರು ಕಿಲೋಮೀಟರ್ ಅದರ ಗೊಡವೆಯೇ ಇಲ್ಲ.

ಹಾಗಿದ್ದ ಬೆಲ್ಟಿನಿಂದ ಕಳೆದ ವಾರ ದನಿ ಬರತೊಡಗಿತು. ಹಿಂದಿನ ಟೈರು ಸವೆದಿತ್ತು. ಬೆಂಗಳೂರಿನ ಒಂದು ದೊಡ್ಡ ಗ್ಯಾರೇಜಿನಲ್ಲಿ ಹೊಸದು ಹಾಕಿಸಿದೆ. ಟೈರು ಬದಲಿಸಬೇಕೆಂದರೆ ಹಿಂದಿನ ಆಕ್ಸಲ್, ಅಂದರೆ ಚಕ್ರದ ನಡುವಿನ ಅಚ್ಚು, ಬಿಚ್ಚಬೇಕು, ಆಕ್ಸಲ್ ಬಿಚ್ಚಿದರೆ ಬೆಲ್ಟಿನ ಬಿಗಿ, ನೇರ ಎರಡೂ ಹೋದಂತೆಯೇ. ಮತ್ತೆ ಕೂರಿಸುವಾಗ ಎರಡನ್ನೂ ಹೊಸದಾಗಿ ಹೊಂದಿಸಬೇಕು. ಶುಕ್ರವಾರ ಸಂಜೆ ಊರಿಗೆ ಹೊರಟಾಗ ತುಮಕೂರು ದಾಟುವವರೆಗೂ ಹೆಲ್ಮೆಟ್ಟಿನೊಳಗೆ ಏನೂ ಕೇಳಲಿಲ್ಲ. ಊರಿನ ಮಣ್ಣುರಸ್ತೆಯಲ್ಲಿ ನಿಧಾನವಾದ ಮೇಲೆ ಕೇಳಿಸಿತು. ಮರಿಹಕ್ಕಿಯೊಂದು ಚಕ್ರಕ್ಕೆ ಸಿಕ್ಕಿಕೊಂಡು ಕೂಗಿದ ಹಾಗೆ, ಚಕ್ರದ ಪ್ರತಿ ಸುತ್ತಿಗೂ ಒಂದೊಂದು ಕೀಚು. ಧೂಳು ಕೂತಿರಬೇಕು ಅಂದುಕೊಂಡೆ. ಬೆಲ್ಟಿಗೆ ಧೂಳು ಹಿಡಿದರೂ ಹಾಗೆ ಕೂಗುವುದುಂಟು, ಸೋಪಿನ ನೀರು ಹಾಕಿ ತೊಳೆದರೆ ಸುಮ್ಮನಾಗುತ್ತದೆ. ಬೆಳಿಗ್ಗೆ ಎದ್ದು ತೊಳೆದೆ. ಸುಮ್ಮನಾಗಲಿಲ್ಲ.

ಅಮ್ಮ ರಾಗಿ ಚೀಲ ಕೊಟ್ಟು ಗಿರಣಿಗೆ ಕಳಿಸಿದಳು. ನಾನು ಬೈಕು ನಿಲ್ಲಿಸುವ ಮೊದಲೇ ಅಜ್ಜ ಹೊರಗೆ ಬಂದು ಬಾಗಿಲಿನಲ್ಲಿ ನಿಂತಿದ್ದರು. ಹುಬ್ಬು, ರೆಪ್ಪೆ, ತೋಳು ಎಲ್ಲ ಹಿಟ್ಟು. ಆ ಮನುಷ್ಯ ಮೋಟರ್ ಸೈಕಲ್ ಓಡಿಸಿದವರಲ್ಲ. ಆದರೆ ನಲವತ್ತು ವರ್ಷ ಬೆಲ್ಟಿನ ಪಕ್ಕ ನಿಂತು ಬದುಕಿದವರು. ಮೊದಲು ಡೀಸೆಲ್ ಎಂಜಿನ್ನು, ಅದರಿಂದ ಬೀಸುವ ಕಲ್ಲಿಗೆ ಹತ್ತು ಮೊಳದ ಚಪ್ಪಟೆ ಬೆಲ್ಟು. ಆಮೇಲೆ ಕರೆಂಟಿನ ಮೋಟರು. ಅವರ ಎಡಗೈಯ ಉಂಗುರ ಬೆರಳಿನ ತುದಿ ಇಲ್ಲ. ಓಡುತ್ತಿದ್ದ ಬೆಲ್ಟು ಜಾರದಿರಲೆಂದು ರಾಳ ಹಾಕಲು ಹೋಗಿ ಕಳೆದುಕೊಂಡದ್ದು ಎಂದು ಅಮ್ಮ ಹೇಳುತ್ತಾಳೆ.

"ಎಂಜಿನ್ ಆರಿಸಪ್ಪ. ತಳ್ಳಿಕೊಂಡು ಬಾ" ಎಂದರು. ತಳ್ಳಿದೆ. ಕೀಚ್ ಎಂದಿತು. ಇನ್ನೊಮ್ಮೆ ತಳ್ಳಿಸಿದರು. ನಿಲ್ಲಿಸಿದ ಮೇಲೆಯೇ ಕೂತು, ಬೆಲ್ಟಿನ ಕೆಳಗಿನ ಎಳೆಗೆ ಬೆರಳಿಟ್ಟು ಮೇಲಕ್ಕೆ ಒತ್ತಿದರು. ಅಲುಗಲೇ ಇಲ್ಲ ಎನ್ನಬೇಕು. ಬೆಲ್ಟು ಸುತ್ತಿ ಓಡುವ ಹಿಂದಿನ ದೊಡ್ಡ ಪುಲ್ಲಿಯ ಅಂಚಿನ ಗೋಡೆಯನ್ನು ಹೆಬ್ಬೆರಳಿನಿಂದ ಸವರಿ ನನಗೆ ತೋರಿಸಿದರು. ಹೆಬ್ಬೆರಳಿನ ಮೇಲೆ ಕಾಡಿಗೆಯಂಥ ಕಪ್ಪು ಪುಡಿ. ಬೆಲ್ಟು ಒಂದು ಕಡೆಗೆ ಸರಿದು ಆ ಗೋಡೆಗೆ ಉಜ್ಜಿಕೊಂಡೇ ಬೆಂಗಳೂರಿನಿಂದ ಬಂದಿತ್ತು. ಆಗ ಕೇಳಿದರು ಆ ಪ್ರಶ್ನೆ.

ಗೊತ್ತಿಲ್ಲ ಎಂದದ್ದು ಸುಳ್ಳಲ್ಲ. ಅದೇ ನನ್ನನ್ನು ಕೊರೆಯುತ್ತಿರುವುದು. ಗ್ಯಾರೇಜಿನಲ್ಲಿ ನಾನು ಗಾಜಿನ ಗೋಡೆಯ ಈಚೆ ತಂಪಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಆಚೆ ಕೆಲಸ ಮಾಡುತ್ತಿದ್ದವನು ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗ. ಕೆಳಗೆ ಬಗ್ಗಿದ್ದ, ಬೆಲ್ಟಿನ ಕಡೆ ಕೈ ಚಾಚಿದ್ದ ಎಂದು ನೆನಪು. ಅಷ್ಟರಲ್ಲಿ ಮೇಲ್ವಿಚಾರಕ ಬಂದು ಏನೋ ಹೇಳಿದ, ಹುಡುಗ ಎದ್ದು ಇನ್ನೊಂದು ಬೈಕಿಗೆ ಹೋದ, ಮತ್ತೆ ಬಂದ. ಮುಟ್ಟಿದನೋ ಇಲ್ಲವೋ? ಐದು ದಿನದಿಂದ ಆ ದೃಶ್ಯವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ. ಪ್ರತಿ ಸಲವೂ ಆ ಕೈ ಬೆಲ್ಟಿನ ಹತ್ತಿರ ಬರುವಷ್ಟರಲ್ಲಿ ಮೇಲ್ವಿಚಾರಕ ಬಂದುಬಿಡುತ್ತಾನೆ. ನನಗೆ ಹುಡುಗನ ಮೇಲೆ ಸಿಟ್ಟಿಲ್ಲ. ಒಂದು ಗಂಟೆಯಲ್ಲಿ ಇಷ್ಟು ಬೈಕು ಮುಗಿಯಬೇಕು ಎಂದು ಲೆಕ್ಕ ಹಾಕುವವನು ಅವನಲ್ಲ. ಸಿಟ್ಟು ಬಂದದ್ದು ಆ ಮೇಲ್ವಿಚಾರಕನ ಮೇಲೆ. ಬಿಲ್ಲಿನ ಜೊತೆಗೆ ಅವನು ಕೊಟ್ಟ ಹಾಳೆಯಲ್ಲಿ 'ಬೆಲ್ಟ್ ಬಿಗಿ', 'ಚಕ್ರದ ನೇರ' ಎಂಬ ಎರಡು ಸಾಲುಗಳ ಎದುರಿಗೂ ಸರಿ ಗುರುತು ಇತ್ತು. ಎಷ್ಟು ಬಿಗಿ ಎಂಬ ಅಳತೆ ಬರೆಯಲು ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಮುಟ್ಟದೆ ಹಾಕಬಹುದಾದ ಗುರುತು ಅದು.

ಅಜ್ಜ ರಾಗಿ ಬೀಸಲು ಹಾಕಿ, ಗಿರಣಿಯ ಹಿಂದಿನ ಸಿಮೆಂಟಿನ ಕಣಕ್ಕೆ ಬೈಕು ತರಿಸಿದರು. ಬಿಸಿಯಿದ್ದಾಗ ಬೆಲ್ಟಿನ ಬಿಗಿ ನೋಡಬಾರದು, ತಣ್ಣಗಾಗಬೇಕು ಎಂದು ಕೈಪಿಡಿ ಹೇಳುತ್ತದೆ. ಕೈಪಿಡಿ ನನ್ನ ಮೊಬೈಲಿನಲ್ಲಿತ್ತು. ತಣ್ಣಗಾಗುವ ಹೊತ್ತಿನಲ್ಲಿ ಪಕ್ಕದ ಟ್ರ್ಯಾಕ್ಟರ್ ಗ್ಯಾರೇಜಿನಿಂದ ದೊಡ್ಡ ಸಾಕೆಟ್ಟು, ನಟ್ಟನ್ನು ಇಂತಿಷ್ಟೇ ಬಲದಲ್ಲಿ ಬಿಗಿಯುವ ಟಾರ್ಕ್ ವ್ರೆಂಚು ಕೇಳಿ ತಂದೆ. ಅಜ್ಜ ಗಿರಣಿಯ ಮೂಲೆಯಿಂದ ಎರಡು ವಸ್ತು ತಂದರು: ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ, ಮತ್ತು ಒಂದು ತುದಿಯನ್ನು ಚೂಪು ಮಾಡಿ ಲಂಬವಾಗಿ ಬಗ್ಗಿಸಿದ ಕಬ್ಬಿಣದ ಕಂಬಿ. ಮೋಟರಿನ ಶಾಫ್ಟನ್ನೂ ಕಲ್ಲಿನ ಶಾಫ್ಟನ್ನೂ ಹೊಂದಿಸಲು ಅವರೇ ಮಾಡಿಕೊಂಡದ್ದು.

ಆ ಕಂಬಿ ನೋಡಿ ನನಗೆ ಆದ ಆಶ್ಚರ್ಯ ಹೇಳತೀರದು. ಬೆಲ್ಟಿನ ಬೈಕುಗಳ ಕೈಪಿಡಿಗಳಲ್ಲಿ ಬರೆದಿರುವ ಸಾಧನ ಹೆಚ್ಚು ಕಡಿಮೆ ಅದೇ. ಹಿಂದಿನ ಚಕ್ರ ಕೂತಿರುವ ಸ್ವಿಂಗ್ ಆರ್ಮ್ ಮುಂದುಗಡೆ ಒಂದು ಕೀಲಿನ ಮೇಲೆ ತಿರುಗುತ್ತದೆ. ಆ ಕೀಲಿನ ನಡುಮಧ್ಯಕ್ಕೆ ಕಂಬಿಯ ಚೂಪು ತುದಿ ಇಟ್ಟು, ಕಂಬಿಗೆ ಸೇರಿಸಿದ ರಬ್ಬರ್ ಉಂಗುರವನ್ನು ಆಕ್ಸಲ್ಲಿನ ನಡುಮಧ್ಯಕ್ಕೆ ಸರಿಸಬೇಕು. ಉಂಗುರ ಅಲುಗದಂತೆ ಇನ್ನೊಂದು ಬದಿಗೆ ಹೋಗಿ ಅದೇ ಎರಡು ಬಿಂದುಗಳಿಗೆ ಹಿಡಿಯಬೇಕು. ಎರಡೂ ಬದಿ ಒಂದೇ ಬಂದರೆ ಚಕ್ರ ನೇರ. ಸ್ವಿಂಗ್ ಆರ್ಮಿನ ಮೇಲೆ ಕೊರೆದಿರುವ ಗೆರೆಗಳನ್ನೇ ನಂಬಿ ಕೂರಬಾರದು. ನಾವು ಸೈಕಲ್ ಟ್ಯೂಬಿನಿಂದ ಉಂಗುರ ಕತ್ತರಿಸಿಕೊಂಡು ಅಳೆದೆವು. ಗೆರೆಗಳು ಎರಡೂ ಬದಿ ಒಂದೇ ತೋರಿಸುತ್ತಿದ್ದವು. ಕಂಬಿ ಮೂರು ಮಿಲಿಮೀಟರ್ ವ್ಯತ್ಯಾಸ ತೋರಿಸಿತು.

"ಗಿರಣಿ ಬೆಲ್ಟಾದರೆ ಇಷ್ಟಕ್ಕೆಲ್ಲ ಅಂಜುವುದಿಲ್ಲ" ಎಂದರು ಅಜ್ಜ. ಅವರ ಹಳೆಯ ಪುಲ್ಲಿಯನ್ನು ಸವರಿ ನೋಡು ಎಂದರು. ನೋಡಿದೆ. ಚಪ್ಪಟೆ ಎಂದುಕೊಂಡದ್ದು ಚಪ್ಪಟೆಯಲ್ಲ, ನಡುವೆ ತುಸು ಉಬ್ಬು. ಚಪ್ಪಟೆ ಬೆಲ್ಟು ಆ ಉಬ್ಬನ್ನು ತಾನೇ ಹತ್ತಿಕೊಂಡು ಮಧ್ಯಕ್ಕೆ ಬಂದು ನಿಲ್ಲುತ್ತದೆ. ಬೈಕಿನ ಬೆಲ್ಟಿಗೆ ಆ ಉಪಕಾರವಿಲ್ಲ. ಹಲ್ಲುಗಳು ಅದನ್ನು ಜಾರದಂತೆ ಹಿಡಿಯುತ್ತವೆ, ಆದರೆ ಪಕ್ಕಕ್ಕೆ ಸರಿಯುವುದನ್ನು ತಡೆಯಲು ಪುಲ್ಲಿಯ ಅಂಚಿನ ಗೋಡೆಯೊಂದೇ. ಕೂರಿಸಿದವನು ಕೊಟ್ಟ ನೇರದಲ್ಲೇ ಅದು ಬಾಳಬೇಕು.

ನಂತರದ ಕೆಲಸ ತಾಳ್ಮೆಯದ್ದು. ಆಕ್ಸಲ್ಲಿನ ನಟ್ಟು ಸಡಿಲಿಸಿ, ಆಕ್ಸಲ್ಲನ್ನು ಹಿಂದಕ್ಕೆ ಎಳೆಯುವ ಎರಡೂ ಬದಿಯ ಅಡ್ಜಸ್ಟರುಗಳನ್ನು ಸಮನಾಗಿ ಸಡಿಲ ಬಿಟ್ಟು, ಚಕ್ರವನ್ನು ಮುಂದಕ್ಕೆ ಒತ್ತಿ ಕೂರಿಸಿದೆವು. ಮುಂದಕ್ಕೆ ಒತ್ತದಿದ್ದರೆ ಅಡ್ಜಸ್ಟರು ಸಡಿಲವಾದರೂ ಆಕ್ಸಲ್ಲು ಹಿಂದೆಯೇ ಕಚ್ಚಿಕೊಂಡಿರುತ್ತದೆ. ಮೊದಲು ಕಂಬಿಯಿಂದ ನೇರ. ಆಮೇಲೆ ಬಿಗಿ, ಎರಡೂ ಬದಿಗೆ ಒಂದೇ ಅಳತೆಯಲ್ಲಿ, ಬೋಲ್ಟಿನ ಆರು ಮುಖಗಳಲ್ಲಿ ಒಂದೊಂದೇ ಮುಖ ತಿರುಗಿಸುತ್ತ. ಬೆಲ್ಟಿನ ಕೆಳಗಿನ ಎಳೆಯ ಮಧ್ಯಕ್ಕೆ ಹತ್ತು ಪೌಂಡು, ಅಂದರೆ ನಾಲ್ಕೂವರೆ ಕಿಲೋದಷ್ಟು ಬಲ ಕೊಟ್ಟರೆ ಅದು ಎಷ್ಟು ಮಿಲಿಮೀಟರ್ ಜರುಗುತ್ತದೆ ಎಂಬುದೇ ಬಿಗಿಯ ಲೆಕ್ಕ. ಎಷ್ಟು ಜರುಗಬೇಕೆಂಬುದು ಒಂದೊಂದು ಮಾದರಿಗೆ ಒಂದೊಂದು. ಆರಂಭದಲ್ಲಿ ತಕ್ಕಡಿಯ ಕೊಕ್ಕೆ ಹಾಕಿ ನಾಲ್ಕೂವರೆ ಕಿಲೋ ಎಳೆದಾಗ ಅದು ಕೈಪಿಡಿ ಹೇಳಿದ್ದರ ಅರ್ಧದಷ್ಟೂ ಜರುಗಿರಲಿಲ್ಲ.

ಬಿಗಿ ಬೆಲ್ಟಿನ ಕೇಡು ಸದ್ದಿಲ್ಲದ್ದು. ಸಡಿಲವಾದರೆ ಹಲ್ಲು ಹಾರಿ ಕಟಕಟ ಎನ್ನುತ್ತದೆ, ಸವಾರನಿಗೆ ತಿಳಿಯುತ್ತದೆ. ಬಿಗಿಯಾದರೆ ಗೇರ್‌ಬಾಕ್ಸಿನ ಬೇರಿಂಗು, ಚಕ್ರದ ಬೇರಿಂಗು ಒಳಗೊಳಗೇ ಸವೆಯುತ್ತವೆ. ಅದಕ್ಕಿಂತ ಹೆಚ್ಚಾಗಿ, ಬೈಕು ಹಳ್ಳಕ್ಕೆ ಇಳಿದು ಹಿಂಬದಿ ಕುಗ್ಗಿದಾಗ ಮುಂದಿನ ಪುಲ್ಲಿ, ಸ್ವಿಂಗ್ ಆರ್ಮಿನ ಕೀಲು, ಆಕ್ಸಲ್ಲು ಒಂದೇ ಗೆರೆಗೆ ಬರುವ ಹೊತ್ತಿನಲ್ಲಿ ಬೆಲ್ಟು ಇನ್ನಷ್ಟು ಬಿಗಿಯುತ್ತದೆ. ಮೊದಲೇ ಬಿಗಿಯಾಗಿದ್ದರೆ ಅದು ಎಲ್ಲಿಗೆ ಹೋಗಬೇಕು? ನಮ್ಮ ಊರಿನ ರಸ್ತೆಯಲ್ಲಿ ಶುಕ್ರವಾರ ರಾತ್ರಿ ಎಷ್ಟು ಹಳ್ಳ ಹಾರಿಸಿದ್ದೆನೋ ಲೆಕ್ಕವಿಲ್ಲ. ಈ ಬೆಲ್ಟನ್ನು ಮಡಿಸಬಾರದು, ತಿರುಚಬಾರದು, ಹಾಗೆ ಮಾಡಿದರೆ ಒಳಗಿನ ನಾರು ಮುರಿಯುತ್ತದೆ, ಹೊರಗೆ ಕಾಣುವುದಿಲ್ಲ ಎಂದು ಓದಿದ್ದೆ. ಅದಕ್ಕೇ ಒಂದೊಂದು ಹಲ್ಲನ್ನೂ ಬೆಳಕಿಗೆ ಹಿಡಿದು ನೋಡಿದೆ. ಬಿರುಕಿರಲಿಲ್ಲ. ಒಂದು ಕಡೆ ಚೂಪು ಕಲ್ಲೊಂದು ಹಲ್ಲುಗಳ ನಡುವೆ ಕೂತಿತ್ತು, ತೆಗೆದೆ.

ಅಜ್ಜನ ಮೊಮ್ಮಗ ಬೈಕನ್ನು ಕಾಲು ಸುತ್ತು ತಳ್ಳುವುದು, ನಾನು ಎಳೆದು ನೋಡುವುದು, ಮತ್ತೆ ಕಾಲು ಸುತ್ತು. ಬೆಲ್ಟು ಎಲ್ಲ ಕಡೆ ಒಂದೇ ಬಿಗಿ ಇರುವುದಿಲ್ಲ. ಅತಿ ಬಿಗಿಯಿರುವ ಜಾಗ ಹುಡುಕಿ ಅಲ್ಲೇ ಹೊಂದಿಸಬೇಕು. ಹೊಂದಿಸಿ ನಟ್ಟು ಬಿಗಿದರೆ ಆಕ್ಸಲ್ಲು ಕೂದಲೆಳೆಯಷ್ಟು ಎಳೆದುಕೊಂಡು ಅಳತೆ ತಪ್ಪುತ್ತಿತ್ತು. ನಾಲ್ಕು ಸಲ ಬಿಚ್ಚಿದೆವು. ಮೂರನೆಯ ಸಲಕ್ಕೆ ನಾನು "ಸಾಕು ಅಜ್ಜ, ಹತ್ತಿರ ಬಂತು" ಎಂದೆ. ಅವರು ಮಾತಾಡಲಿಲ್ಲ, ಸಾಕೆಟ್ಟನ್ನು ನನ್ನ ಕೈಗೆ ಕೊಟ್ಟರು. ನಾಲ್ಕನೆಯ ಸಲ ಕಂಬಿಯ ಉಂಗುರ ಎರಡೂ ಬದಿ ಒಂದೇ ಜಾಗಕ್ಕೆ ಬಂದು ಕೂತಿತು, ತಕ್ಕಡಿಯ ಲೆಕ್ಕವೂ ಸರಿ ಬಂತು. ಕಣದ ಆ ತುದಿಯಿಂದ ಈ ತುದಿಗೆ ತಳ್ಳಿದೆವು. ಬೆಲ್ಟಿಗೂ ಗೋಡೆಗೂ ನಡುವೆ ತೆಳ್ಳನೆ ಒಂದು ಬೆಳಕಿನ ಗೆರೆ. ಕೀಚು ಇಲ್ಲ. ಹಿಂದಿನ ಬ್ರೇಕನ್ನು ನಾಲ್ಕಾರು ಬಾರಿ ತುಳಿದು ಗಟ್ಟಿಯಾದದ್ದು ನೋಡಿಕೊಂಡು ಎದ್ದಾಗ ಊಟದ ಹೊತ್ತು ಮೀರಿತ್ತು.

ಮನೆಗೆ ಬಂದಾಗ ಅಮ್ಮ ಜಗಲಿಯ ಮೆಟ್ಟಿಲು ಇಳಿದು ಹಿಟ್ಟಿನ ಚೀಲಕ್ಕೆ ಕೈ ಚಾಚಿದಳು. ಇಳಿಯುವಾಗ ತುಸು ಹೊಯ್ದಾಡಿದಳು ಎಂದು ತೋಳು ಹಿಡಿದೆ. ಬ್ಲೌಸಿನ ತೋಳಿನೊಳಗೆ ಅವಳ ತೋಳು ಎಷ್ಟು ತೆಳ್ಳಗಿತ್ತೆಂದರೆ ನನ್ನ ಹೆಬ್ಬೆರಳೂ ನಡುಬೆರಳೂ ಕೂಡಿಕೊಂಡವು. ದಿನವೂ ರಾತ್ರಿ ಒಂಬತ್ತಕ್ಕೆ ಮೊಬೈಲಿನಲ್ಲಿ ಅವಳ ಮುಖ ನೋಡಿ ಮಾತಾಡುತ್ತೇನೆ. ಊಟ ಆಯಿತಾ, ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳುತ್ತೇನೆ, ಆಯಿತು ಎನ್ನುತ್ತಾಳೆ. ಹಿಂದಿನ ತಿಂಗಳು ಬಂದಾಗಲೂ ಎದುರಿಗೇ ಕೂತು ಊಟ ಮಾಡಿದ್ದೆ. ತೋಳು ಹಿಡಿದಿರಲಿಲ್ಲ. ಭಾನುವಾರ ಹೊರಡಬೇಕಿದ್ದವನು ಸೋಮವಾರ ರಜೆ ಹಾಕಿ ಅವಳನ್ನು ತಿಪಟೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಸಕ್ಕರೆ ಏರಿತ್ತು. ವೈದ್ಯರು ಮಾತ್ರೆ ಬದಲಿಸಿದ್ದಾರೆ. ಮುಂದಿನ ವಾರ ಮತ್ತೆ ಹೋಗಬೇಕು.

ಬೆಂಗಳೂರಿಗೆ ಬಂದ ಮೇಲೆ ನಿನ್ನೆ ಗ್ಯಾರೇಜಿಗೆ ಫೋನ್ ಮಾಡಿದೆ. ಮೇಲ್ವಿಚಾರಕ ಎತ್ತಿಕೊಂಡು, ಬೈಕು ತಂದುಬಿಡಿ, ದುಡ್ಡು ತೆಗೆದುಕೊಳ್ಳದೆ ಸರಿ ಮಾಡಿಕೊಡುತ್ತೇವೆ ಎಂದ. ಸರಿಯಾಗಿದೆ, ನನಗೆ ಆ ಹುಡುಗನ ಜೊತೆ ಮಾತಾಡಬೇಕು ಎಂದೆ. ಬೈಯುತ್ತೇನೆ ಅಂದುಕೊಂಡನೋ ಏನೋ, ಸ್ವಲ್ಪ ಹೊತ್ತು ಬಿಟ್ಟು ಕೊಟ್ಟ. ಹುಡುಗನಿಗೆ ನಡೆದದ್ದನ್ನು ಹೇಳಿದೆ. ಬಿಗಿ ನೋಡಿದೆಯಾ ಎಂದು ಕೇಳಬೇಕೆಂದೇ ಫೋನ್ ಮಾಡಿದ್ದವನು, ಅವನ ದನಿ ಕೇಳಿದ ಮೇಲೆ ಅದೊಂದನ್ನು ಕೇಳಲಿಲ್ಲ. ಅವನೇ ಕೇಳಿದ.

"ಎಷ್ಟಿತ್ತು ಸರ್ ವ್ಯತ್ಯಾಸ?"

"ಮೂರು ಮಿಲಿಮೀಟರ್."

"ಗೆರೆ ಎರಡೂ ಕಡೆ ಒಂದೇ ಇತ್ತಲ್ಲ ಸರ್?"

"ಇತ್ತು. ಗೆರೆಯಲ್ಲಿ ಗೊತ್ತಾಗಲಿಲ್ಲ. ಕಂಬಿಯಿಂದ ಅಳೆದೆವು."

ಅವನು ಸುಮ್ಮನಾದ. ಹಿಂದೆ ಯಾರೋ ಅವನ ಹೆಸರು ಹಿಡಿದು ಕರೆಯುತ್ತಿದ್ದರು. ಬಂದೆ ಎಂದು ಅತ್ತ ಕೂಗಿ ಹೇಳಿ, ಇತ್ತ ದನಿ ತಗ್ಗಿಸಿ ಕೇಳಿದ: "ಆ ಕಂಬಿಯ ತುದಿ ಎಷ್ಟು ಉದ್ದ ಬಗ್ಗಿಸಿದ್ದಾರೆ ಸರ್?"