ಅಟ್ಲಾಸಿನಲ್ಲಿ ಇಲ್ಲದ ಸರೋವರ

ನಮ್ಮ ಭೂಗೋಳದ ಮೇಷ್ಟ್ರು ತೀರಿಕೊಂಡರು ಅಂತ ಸುದ್ದಿ ಬಂದಾಗ ನನಗೆ ಮೊದಲು ನೆನಪಾಗಿದ್ದು ಅವರ ಪಾಠವಲ್ಲ, ಒಂದು ಸರೋವರ. ಅದೂ ಭೂಮಿ ಮೇಲೆ ಎಲ್ಲೂ ಇಲ್ಲದ್ದು.

ಆಗ ನಾನು ತಲೆಯಾಡಿಸುವುದರಲ್ಲಿ ಎತ್ತಿದ ಕೈ. ಯಾರು ಏನೇ ಹೇಳಲಿ, 'ಹೌದು ಹೌದು, ಓದಿದ್ದೀನಿ' ಅಂದುಬಿಡುತ್ತಿದ್ದೆ. ಕ್ಲಾಸಿಗೇ ಬುದ್ಧಿವಂತ ಅನ್ನಿಸಿಕೊಂಡಿದ್ದೆ, ಮಾನ ಉಳಿಸಿಕೊಳ್ಳಬೇಕಲ್ವಾ? ತೀರಾ ಸಿಕ್ಕಿಬೀಳುವ ಹಾಗಾದರೆ 'ನಿನಗೇನು ಅನ್ಸುತ್ತೆ?' ಅಂತ ತಿರುಗಿ ಕೇಳುವುದು. ಆಸ್ಟ್ರೇಲಿಯಾದ ರಾಜಧಾನಿ ಸಿಡ್ನಿ ಅಂತ ವಾದ ಮಾಡಿ ಗೆದ್ದಿದ್ದೂ ಉಂಟು. ಸಿಡ್ನಿ, ಮೆಲ್ಬರ್ನ್ ಎರಡೂ ತನಗೇ ಬೇಕು ಅಂತ ಹಟ ಹಿಡಿದಿದ್ದಕ್ಕೆ ಕ್ಯಾನ್‌ಬೆರಾ ಕಟ್ಟಿದರು, 1927ರಲ್ಲಿ ಸಂಸತ್ತು ಅಲ್ಲಿಗೆ ಹೋಯಿತು ಅನ್ನೋದು ಗೊತ್ತಾಗುವಷ್ಟರಲ್ಲಿ ನನಗೆ ಮೀಸೆ ಬಂದಿತ್ತು.

ಮೇಷ್ಟ್ರು ತಮಗೆ ಗೊತ್ತಿಲ್ಲದ್ದು ಕೇಳಿದರೆ ಸೀಮೆಸುಣ್ಣದ ತುದಿಯಿಂದ ಕಿವಿ ಹಿಂದೆ ಕೆರೆದುಕೊಂಡು, 'ಒಳ್ಳೆ ಪ್ರಶ್ನೆ. ನಾಳೆ ಹುಡುಕಿಕೊಂಡು ಬನ್ನಿ' ಅನ್ನುತ್ತಿದ್ದರು. ಕಿವಿ ಹಿಂದೆ ಬೆಳ್ಳಗಾಗಿರುತ್ತಿತ್ತು. ಇದು ತಪ್ಪಿಸಿಕೊಳ್ಳುವ ಉಪಾಯ ಅಂತ ನಮ್ಮ ಹಿಂದಿನ ಬೆಂಚಿನ ತೀರ್ಮಾನ. ಪರೀಕ್ಷೆ ಮಾಡೋಣ ಅಂತ ನಾವೇ ಒಂದು ಹೆಸರು ಕಟ್ಟಿದೆವು. 'ಸಾರ್, ಜುಂಬಾಲೋ ಸರೋವರ ಎಲ್ಲಿದೆ?'

ಕಿವಿ ಕೆರೆತ. 'ನಾಳೆ ಹುಡುಕಿಕೊಂಡು ಬನ್ನಿ.'

ಮಾರನೇ ದಿನ ಬಂದವರೇ ನನ್ನನ್ನು ಎಬ್ಬಿಸಿದರು. 'ಸಿಕ್ತೇನೋ?'

ಬಾಯಿ ಸುಮ್ನೆ ಇರಬೇಕಲ್ಲ. 'ಸಿಕ್ತು ಸಾರ್. ಆಫ್ರಿಕಾದಲ್ಲಿದೆ.'

'ಆಳ ಎಷ್ಟು?'

'ಜಾಸ್ತಿ ಇದೆ ಸಾರ್.'

ಮೇಷ್ಟ್ರು ಚೀಲದಿಂದ ಹಳೇ ಅಟ್ಲಾಸ್ ತೆಗೆದು ಕೊನೆಯ ಪುಟಗಳ ಹೆಸರಿನ ಪಟ್ಟಿ ಬಿಡಿಸಿದರು. ಅಂಚಿನಲ್ಲೆಲ್ಲ ಬೆರಳಿನ ಸುಣ್ಣ. 'ರಾತ್ರಿಯೆಲ್ಲ ಹುಡುಕಿದೆ, ನನಗೆ ಸಿಗಲೇ ಇಲ್ಲ. ಸದ್ಯ, ನಿನಗಾದರೂ ಸಿಕ್ತಲ್ಲ! ಆಳ ಬೇಕು ಅಂದರೆ ರಷ್ಯಾದ ಬೈಕಲ್ ಸರೋವರ ಇದೆ ನೋಡು, 1,642 ಮೀಟರ್. ಮುಳುಗಿಬಿಡು.'

ಕ್ಲಾಸೆಲ್ಲ ನಕ್ಕಿತು. ಜಾಸ್ತಿ ನಕ್ಕವರು ನನ್ನ ಪಾಲುದಾರರೇ.

ಈಗಿನ ಮಕ್ಕಳು ಬೆಂಚಿನ ಕೆಳಗೆ ಫೋನ್ ನೋಡಿ ಕ್ಷಣದಲ್ಲಿ ಉತ್ತರ ಹೇಳುತ್ತಾರೆ. ಪಾಪ, ಸಿಕ್ಕಿಬೀಳುವ ಭಾಗ್ಯವೇ ಇಲ್ಲ. ನಾನಂತೂ ದೊಡ್ಡ ಹುದ್ದೆಗೇ ಬಂದೆ. ಮೀಟಿಂಗಿನಲ್ಲಿ 'ಇದು ನನಗೆ ಗೊತ್ತಿಲ್ಲ' ಅಂತ ಮೊದಲು ಹೇಳುವವನು ನಾನೇ ಅಂತ ಕಿರಿಯರು ಹೊಗಳುತ್ತಾರೆ. (ಹತ್ತರಲ್ಲಿ ಎರಡು ಸಲ ಈಗಲೂ ತಲೆಯಾಡಿಸುತ್ತೇನೆ. ಅದು ಅವರಿಗೆ ಗೊತ್ತಿಲ್ಲ.)

ಮೇಷ್ಟ್ರು ನಿವೃತ್ತರಾದ ಮೇಲೆ ಒಮ್ಮೆ ಸಿಕ್ಕಿದ್ದರು. ನಮಸ್ಕಾರ ಮಾಡಿದೆ. ಗುರುತು ಹಿಡಿಯಲಿಕ್ಕೆ ಸ್ವಲ್ಪ ಹೊತ್ತಾಯಿತು. ಆಮೇಲೆ ಹತ್ತಿರ ಬಂದು, ಗುಟ್ಟು ಹೇಳುವವರ ಹಾಗೆ ಅಂದರು: 'ಮೊನ್ನೆ ಹೊಸ ಅಟ್ಲಾಸ್ ತಗೊಂಡೆ ಕಣೋ. ಅದರಲ್ಲೂ ಇಲ್ಲ.'