ಕಮಿಷನ್ ಆಮೇಲೆ, ಮೊದಲು ಪೆಟ್ಟಿಗೆ ಅಳೆಯಿರಿ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಕುಮಟಾ ಕಡೆಯ ಸ್ವಸಹಾಯ ಸಂಘಗಳ ಸರಕನ್ನು ಆನ್‌ಲೈನಿಗೆ ಏರಿಸುವ ಕೆಲಸದಲ್ಲಿ ಮೊದಲು ಕಿವಿಗೆ ಬೀಳುವ ಮಾತು ಒಂದೇ: "ದೊಡ್ಡ ಆ್ಯಪ್‌ನಲ್ಲಿ ಕಮಿಷನ್ ಜಾಸ್ತಿ, ಬೇರೆ ಯಾವುದಾದ್ರೂ ಇದ್ದರೆ ಹೇಳಿ." ಬೇರೆಯವು ಬೇಕಾದಷ್ಟಿವೆ. ಆದರೆ ಹಪ್ಪಳದ ಕಟ್ಟಿನ ದುಡ್ಡನ್ನು ತಿನ್ನುವುದು ಕಮಿಷನ್ ಅಲ್ಲ, ಸಾಗಾಟ. ಅದನ್ನು ಲೆಕ್ಕ ಹಾಕದೆ ಆ್ಯಪ್ ಬದಲಿಸಿದರೆ ನಷ್ಟದ ವಿಳಾಸ ಬದಲಾಗುತ್ತದೆ, ಅಷ್ಟೇ.

ಒಂದು ಮಾದರಿ ಲೆಕ್ಕ. 25 ಹಲಸಿನ ಹಪ್ಪಳದ ಕಟ್ಟು, ತೂಕ ಸುಮಾರು 300 ಗ್ರಾಂ, ಮಾರಾಟ ಬೆಲೆ 250 ರೂ. ಕಮಿಷನ್ ಶೇ 8 ಎಂದುಕೊಂಡರೆ 20 ರೂ., ಪ್ರತಿ ಆರ್ಡರ್‌ನ ನಿಗದಿತ ಶುಲ್ಕ 15, ಒಂದು ಕಿಲೋ ಸ್ಲ್ಯಾಬಿನ (ತೂಕದ ಮೇಲಿನ ದರದ ಹಂತ) ಸಾಗಾಟ 90. ಒಟ್ಟು 125. ಈ ಮೂರರ ಮೇಲೂ ಶೇ 18 ಜಿಎಸ್‌ಟಿ, ಅಂದರೆ 22.50. ಕೈಗೆ ಬರುವುದು 102.50. ಪೆಟ್ಟಿಗೆ, ಟೇಪಿಗೆ 15, ಹಪ್ಪಳದ ಅಸಲು 85 ತೆಗೆದರೆ ಉಳಿಯುವುದು ಎರಡೂವರೆ ರೂಪಾಯಿ.

ಈಗ ಕಮಿಷನ್ ಸೊನ್ನೆ ಇರುವ ಆ್ಯಪ್‌ಗೆ ಹೋಗಿ, ಉಳಿದದ್ದೆಲ್ಲ ಹಾಗೆಯೇ ಇರಲಿ. ಲಾಭ 26.10 ಆಗುತ್ತದೆ. ಇಲ್ಲವೆ, ಹಳೆಯ ಆ್ಯಪ್‌ನಲ್ಲೇ ಇದ್ದು ಪಾರ್ಸೆಲನ್ನು ಅರ್ಧ ಕಿಲೋ ಸ್ಲ್ಯಾಬಿಗೆ ಇಳಿಸಿ. ಸಾಗಾಟ 60 ಆದರೆ ಲಾಭ 37.90. ಇಲ್ಲಿನ ದರಗಳು ಉದಾಹರಣೆಗೆ ಹಿಡಿದವು, ನಿಮ್ಮ ಆ್ಯಪ್‌ನ ದರಪಟ್ಟಿ ಇಟ್ಟುಕೊಂಡು ಇದೇ ಲೆಕ್ಕವನ್ನು ಮತ್ತೆ ಮಾಡಿ.

ಮುನ್ನೂರು ಗ್ರಾಂ ಹಪ್ಪಳ ಒಂದು ಕಿಲೋ ಸ್ಲ್ಯಾಬಿಗೆ ಏಕೆ ಹೋಗುತ್ತದೆ? ಕೊರಿಯರ್‌ನವರು ತಕ್ಕಡಿಯ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಗಾತ್ರದ ತೂಕ ಕಿಲೋದಲ್ಲಿ ಸಿಗುತ್ತದೆ. ಪೇಟೆಯಲ್ಲಿ ಸಿಕ್ಕಿದ 20×20×10 ಪೆಟ್ಟಿಗೆ 0.8 ಕಿಲೋ ಆಯಿತು. ಎತ್ತರವನ್ನು 6ಕ್ಕೆ ಇಳಿಸಿದರೆ 0.48. ಇಲ್ಲೇ ಇನ್ನೊಂದು ಎಡವಟ್ಟು ಕಾದಿರುತ್ತದೆ. ಅಳತೆ ಹೊರಮೈಯದು, ಕಾಗದ ತುರುಕಿ ಪೆಟ್ಟಿಗೆಯ ಹೊಟ್ಟೆ ಉಬ್ಬಿದರೆ ಕೊರಿಯರ್‌ನವರು ಪಾರ್ಸೆಲ್ ವಿಂಗಡಿಸುವ ಹಬ್‌ನ ಯಂತ್ರ ಅದನ್ನು 20.5×20.5×6.3 ಎಂದು ಓದುತ್ತದೆ, 0.53 ಕಿಲೋ ಆಗಿ ಮತ್ತೆ ಒಂದು ಕಿಲೋ ಸ್ಲ್ಯಾಬಿಗೆ ಹಾರುತ್ತದೆ. ಹೀಗಾಗಿ ಹೊರಮೈ 19×19×6 ಇರುವಂತೆ ಮಾಡಿಸುವುದು ಕ್ಷೇಮ. ಸುತ್ತಲಿನ ಖಾಲಿ ಜಾಗಕ್ಕೆ ಕಾಗದದ ಉಂಡೆ ಬೇಡ, ರಟ್ಟಿನ ಪಟ್ಟಿ ಬಳೆಯಂತೆ ಸುತ್ತಿ. ಪ್ರತಿ ಅಳತೆಯ ಪೆಟ್ಟಿಗೆಗೆ ಒಮ್ಮೆ, ಟೇಪ್ ಹಿಡಿದು ಮತ್ತು ತಕ್ಕಡಿಯ ಮೇಲಿಟ್ಟು ಫೋಟೋ ತೆಗೆದಿಡಿ. ತೂಕದ ತಕರಾರು ಎತ್ತಲು ಆ್ಯಪ್‌ಗಳು ಕೊಡುವ ಸಮಯ ಕೆಲವೇ ದಿನ, ಆಗ ಹುಡುಕಿದರೆ ಫೋಟೋ ಸಿಗುವುದಿಲ್ಲ.

ಕ್ಯಾಶ್ ಆನ್ ಡೆಲಿವರಿ ಕಡ್ಡಾಯವಾಗಿರುವ ಆ್ಯಪ್‌ಗಳ ಬಗ್ಗೆ ಎಚ್ಚರ. ತಿಂಡಿ ಪದಾರ್ಥಕ್ಕೆ "ವಾಪಸಿ ಇಲ್ಲ" ಎಂದು ಗುರುತು ಹಾಕಬಹುದು, ಆದರೆ ಗಿರಾಕಿ ಬಾಗಿಲಲ್ಲೇ ಬೇಡ ಎಂದರೆ ಪಾರ್ಸೆಲ್ ತಿರುಗಿ ಬಂದೇ ಬರುತ್ತದೆ. ಅರ್ಧ ಕಿಲೋ ಸ್ಲ್ಯಾಬಿನಲ್ಲಿ ಹೋದ ಸಾಗಾಟ ಜಿಎಸ್‌ಟಿ ಸೇರಿ 70.80, ಪೆಟ್ಟಿಗೆ 15, ಪುಡಿಯಾದ ಹಪ್ಪಳ 85: ಒಂದು ವಾಪಸಿ, 37.90ರ ಲೆಕ್ಕದಲ್ಲಿ, ನಾಲ್ಕೂವರೆ ಪಾರ್ಸೆಲ್‌ಗಳ ಲಾಭವನ್ನು ನುಂಗುತ್ತದೆ. ಕೆಲವು ಆ್ಯಪ್‌ಗಳು ವಾಪಸಿ ಸಾಗಾಟವನ್ನೂ ಮಾರುವವರ ತಲೆಗೇ ಕಟ್ಟುತ್ತವೆ. ಕಮಿಷನ್ ಇಲ್ಲ ಎನ್ನುವ ಕಡೆ ಮೊದಲು ಓದಬೇಕಾದದ್ದು ಈ ವಾಪಸಿ ಶುಲ್ಕದ ಪುಟ.

ಜಿಎಸ್‌ಟಿ ವಿಷಯದಲ್ಲಿ ನಮ್ಮ ಜಿಲ್ಲೆಗೊಂದು ವಿಚಿತ್ರ ಇಕ್ಕಟ್ಟಿದೆ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದವರೂ ಇ-ಕಾಮರ್ಸ್ ಆ್ಯಪ್ ಮೂಲಕ ಸರಕು ಮಾರಬಹುದು. ಕರ್ನಾಟಕದಲ್ಲಿ ವಾರ್ಷಿಕ ವಹಿವಾಟು 40 ಲಕ್ಷದೊಳಗಿರಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆಯಬೇಕು, ಅದು ಒಂದು ರಾಜ್ಯಕ್ಕೆ ಮಾತ್ರ. ಮಾರಾಟವೂ ರಾಜ್ಯದೊಳಗೇ. ಕಾರವಾರದವರಿಗೆ ಬೆಂಗಳೂರಿಗೆ ಉಪ್ಪಿನಕಾಯಿ ಕಳಿಸಲು ಅಡ್ಡಿಯಿಲ್ಲ. ಮಾಜಾಳಿ ದಾಟಿದರೆ ಅಲ್ಲೇ ಕಾಣುವ ಗೋವಾಕ್ಕೆ ಕಳಿಸುವಂತಿಲ್ಲ. ಗಿರಾಕಿಗಳು ಗೋವಾ, ಮುಂಬೈ ಕಡೆಯವರೇ ಹೆಚ್ಚಾದರೆ ಪೂರ್ತಿ ನೋಂದಣಿಯೇ ದಾರಿ. ಆ್ಯಪ್ ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ಹಿಡಿದರೂ, ತೆರಿಗೆ ಇರುವ ಪದಾರ್ಥ ರಾಜ್ಯದ ಗಡಿ ದಾಟುವಾಗ ಇದೇ ಮಾತು. ಹಪ್ಪಳಕ್ಕೆ ತೆರಿಗೆ ಇಲ್ಲ, ಹಾಗಾಗಿ ಹಪ್ಪಳ ಮಾತ್ರ ನೇರವಾಗಿ ಮಾರುವವರಿಗೆ ಈ ತಾಪತ್ರಯವಿಲ್ಲ. ಆದರೆ ಅದೇ ಕಾರಣಕ್ಕೆ, ನೋಂದಣಿ ಮಾಡಿಸಿಕೊಂಡರೂ ಹಪ್ಪಳದ ಸಾಗಾಟ, ಕಮಿಷನ್ ಮೇಲೆ ಕಟ್ಟಿದ ಶೇ 18 ಹಿಂದಕ್ಕೆ ಸಿಗುವುದಿಲ್ಲ. ಅದನ್ನು ಅಸಲಿಗೇ ಸೇರಿಸಿ.

ಮಾರಾಟದ ದುಡ್ಡು ಕೊಡುವ ಮೊದಲೇ ಆ್ಯಪ್‌ನವರು ಹಿಡಿದುಕೊಳ್ಳುವ ತೆರಿಗೆಯೂ ಇದೆ: ನೋಂದಾಯಿತರಿಗೆ ಜಿಎಸ್‌ಟಿಯ ಟಿಸಿಎಸ್ 2024ರ ಜುಲೈ 10ರಿಂದ ಶೇ 0.5, ಆದಾಯ ತೆರಿಗೆಯ ಟಿಡಿಎಸ್ ಅದೇ ವರ್ಷ ಅಕ್ಟೋಬರ್‌ನಿಂದ ಶೇ 0.1. ಟಿಡಿಎಸ್‌ನಲ್ಲಿ 5 ಲಕ್ಷದವರೆಗಿನ ವಿನಾಯಿತಿ ವ್ಯಕ್ತಿಗೆ ಮತ್ತು ಅವಿಭಕ್ತ ಕುಟುಂಬಕ್ಕೆ, ಸಂಘದ ಪ್ಯಾನ್‌ಗೆ ಅಲ್ಲ. ಮೊತ್ತ ಚಿಲ್ಲರೆ, ಆದರೂ ಸಂಘದ ಪುಸ್ತಕ ತಾಳೆಯಾಗದೆ ಖಜಾಂಚಿಯ ಮೇಲೆ ಗುಮಾನಿ ಏಳುವುದು ಇಂಥ ಚಿಲ್ಲರೆಯಿಂದಲೇ.

ಒಎನ್‌ಡಿಸಿ (ಓಪನ್ ನೆಟ್‌ವರ್ಕ್ ಫಾರ್ ಡಿಜಿಟಲ್ ಕಾಮರ್ಸ್) ಬಗ್ಗೆ ಕೇಳುವವರು ಬಹಳ. ಅದು ಅಂಗಡಿಯಲ್ಲ, ಅಂಗಡಿಗಳನ್ನು ಬೆಸೆಯುವ ಜಾಲ. ಮೈಸ್ಟೋರ್‌ನಂಥ ಸೆಲ್ಲರ್ ಆ್ಯಪ್ ಒಂದರ ಮೂಲಕ ಒಳಹೋಗಬೇಕು. ಗಿರಾಕಿ ಮತ್ತೊಂದು ಆ್ಯಪ್‌ನಲ್ಲಿ ಕೊಳ್ಳುತ್ತಾನೆ. ಶುಲ್ಕವೂ ಎರಡು ಕಡೆ ಹಂಚಿಹೋಗುತ್ತದೆ, ದೂರು ಬಂದಾಗ ಹೊಣೆಯೂ ಹಾಗೆಯೇ. ಸೇರುವ ಮುನ್ನ ಸೆಲ್ಲರ್ ಆ್ಯಪ್‌ನವರಿಂದ ಮೂರು ಉತ್ತರ ಬರಹದಲ್ಲಿ ಪಡೆಯಿರಿ: ಎರಡೂ ಕಡೆಯ ಶುಲ್ಕ ಸೇರಿ ಎಷ್ಟು, ದುಡ್ಡು ಡೆಲಿವರಿಯಾದ ಎಷ್ಟನೇ ದಿನಕ್ಕೆ ಖಾತೆಗೆ ಬರುತ್ತದೆ, ಒಡೆದ ಬಾಟಲಿಯ ದುಡ್ಡು ಯಾರು ಕೊಡುತ್ತಾರೆ. ಸಂಘಗಳಿಗಾದರೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಇ-ಸರಸ್ ಎಂಬ ಮಾರಾಟ ತಾಣವೂ ಇದೆ. ಎರಡನೇ ಅಂಗಡಿಯಾಗಿ ಇಟ್ಟುಕೊಳ್ಳಲು ತೊಂದರೆಯಿಲ್ಲ, ಮೊದಲನೆಯದಾಗಿ ನೆಚ್ಚಿಕೊಳ್ಳಬೇಡಿ.

ಊರಿನ ಪಿನ್‌ಕೋಡ್ ಹಾಕಿದಾಗ "ಸೇವೆ ಲಭ್ಯ" ಎಂದು ಬಂದರೆ ಅದು ಡೆಲಿವರಿಯ ಮಾತು. ಪಿಕಪ್ ಬೇರೆ ಸಂಗತಿ. 581401ರ ಶಿರಸಿ ಪೇಟೆಗೆ ಬರುವ ಹುಡುಗ ಹುಲೇಕಲ್, ವಾನಳ್ಳಿ ಕಡೆಗೂ ಬರುತ್ತಾನೆಂಬ ಖಾತ್ರಿಯಿಲ್ಲ. ಜೊಯಿಡಾದ ಮಾತು ಕೇಳುವುದೇ ಬೇಡ. ಖಾತೆ ತೆರೆಯುವಾಗಲೇ ಪಿಕಪ್ ವಿಳಾಸವಾಗಿ ಪೇಟೆಯ ಪರಿಚಿತ ಅಂಗಡಿಯನ್ನು ಕೊಡುವುದು ಅಥವಾ ನೀವೇ ತಂದು ಕೊಡುವ ಆಯ್ಕೆ ಇರುವ ಆ್ಯಪ್ ಹಿಡಿಯುವುದು ಒಳ್ಳೆಯದು. ಮಳೆಗಾಲದಲ್ಲಿ ಇದು ಇನ್ನಷ್ಟು ಬಿಗಡಾಯಿಸುತ್ತದೆ. ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಮುಚ್ಚಿದರೆ ಪಾರ್ಸೆಲ್ ನಿಂತಲ್ಲೇ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಕರಾವಳಿಯ ಹೆದ್ದಾರಿಯೇ ಬಂದ್ ಆಗಿತ್ತು. ಆ್ಯಪ್‌ನ ಲೆಕ್ಕದಲ್ಲಿ ಅದು ಗುಡ್ಡದ ತಪ್ಪಲ್ಲ, ನಿಮ್ಮ "ತಡವಾದ ರವಾನೆ". ರೇಟಿಂಗ್ ಕುಸಿದರೆ ಹುಡುಕಾಟದಲ್ಲಿ ನಿಮ್ಮ ಸರಕು ಕೆಳಗೆ ಹೋಗುತ್ತದೆ. ಜೂನ್ ಮೊದಲ ವಾರವೇ ರವಾನೆಯ ಅವಧಿಯನ್ನು ಒಂದು ದಿನದಿಂದ ಮೂರು ದಿನಕ್ಕೆ ಏರಿಸಿ, ರೆಡ್ ಅಲರ್ಟ್ ಬಂದ ದಿನ ಆರ್ಡರ್ ತಡೆಯುವ ರಜೆ ಗುಂಡಿ ಒತ್ತಿ. ಈ ಎರಡು ಸೌಲಭ್ಯ ಇಲ್ಲದ ಆ್ಯಪ್ ಘಟ್ಟದವರಿಗಲ್ಲ.

ದ್ರವ ಪದಾರ್ಥದ್ದು ಬೇರೆಯೇ ಕತೆ. ಪಾಕದಂತಿರುವ ಜೋನಿ ಬೆಲ್ಲ ಮಳೆಗಾಲದಲ್ಲಿ ತೇವ ಹೀರಿ ಹುದುಗುತ್ತದೆ, ಒಳಗೆ ಗಾಳಿ ಕಟ್ಟಿ ಮುಚ್ಚಳ ಎತ್ತುತ್ತದೆ. ನೀರಿನಂಶ ಶೇ 20 ಮೀರಿದ ಜೇನೂ ಹಾಗೆಯೇ. ಅರ್ಧ ಕಿಲೋ ಜೇನಿಗೆ ಬೇಕಾಗುವುದು ಸುಮಾರು 360 ಮಿಲಿ ಜಾಗ. 500 ಮಿಲಿಯ ಗಾಜಿನ ಬಾಟಲಿ ಕೊಂಡರೆ ಗಿರಾಕಿಗೆ ಕಮ್ಮಿ ತುಂಬಿದಂತೆ ಕಾಣುತ್ತದೆ, ನಿಮಗೆ ಗಾಜಿನ ತೂಕವೂ ದಂಡ. ಪೆಟ್ (ಪ್ಲಾಸ್ಟಿಕ್) ಬಾಟಲಿಗೆ ಇಂಡಕ್ಷನ್ ಸೀಲ್, ಅಂದರೆ ಯಂತ್ರದ ಬಿಸಿಯಿಂದ ಬಾಯಿಗೆ ಅಂಟುವ ಹಾಳೆ, ಹಾಕಿ, ರಾತ್ರಿಯಿಡೀ ತಲೆಕೆಳಗಾಗಿ ನಿಲ್ಲಿಸಿ, ಬೆಳಿಗ್ಗೆ ಅಡಿಯ ಕಾಗದ ಒದ್ದೆಯಾಗದಿದ್ದರೆ ಮಾತ್ರ ಕಳಿಸಿ. ಅಪ್ಪೆಮಿಡಿ ಉಪ್ಪಿನಕಾಯಿಗೂ ಇದೇ ಪರೀಕ್ಷೆ, ಉಪ್ಪುನೀರು ಸೋರಿದರೆ ಪಕ್ಕದ ನಾಲ್ಕು ಪಾರ್ಸೆಲ್ ಹಾಳು. ತೊಡೆದೇವು ಎಂಬ ಸಿಹಿತಿಂಡಿಯನ್ನು ಮಾತ್ರ ಯಾವ ಕೊರಿಯರ್‌ಗೂ ಕೊಡಬೇಡಿ. ಕಾಗದದಷ್ಟು ತೆಳ್ಳಗಿನದು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಹಿಟ್ಟು. ಮೇ ತಿಂಗಳ ಕರಿ ಈಶಾಡ ಮಾವಿಗೂ ಆ್ಯಪ್‌ಗಿಂತ ಬಸ್ಸಿನ ಪಾರ್ಸೆಲ್ಲೇ ಮೇಲು: ರಾತ್ರಿ ಹತ್ತಿಸಿದರೆ ಬೆಳಿಗ್ಗೆ ಬೆಂಗಳೂರಿನಲ್ಲಿ ಗಿರಾಕಿಯೇ ಬಿಡಿಸಿಕೊಳ್ಳುತ್ತಾನೆ.

ಲೇಬಲ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ, ತಯಾರಕರ ವಿಳಾಸ, ನಿವ್ವಳ ತೂಕ, ತೆರಿಗೆ ಸೇರಿದ ಎಂಆರ್‌ಪಿ, ತಯಾರಿಸಿದ ತಿಂಗಳು-ವರ್ಷ ಇರಲೇಬೇಕು. "ಶಿರಸಿ ಸುಪಾರಿ" ಜಿಐ (ಭೌಗೋಳಿಕ ಸೂಚಕ) ಗುರುತು ಪಡೆದ ಹೆಸರು; ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಜಿಐ ಲೋಗೋ ಅಂಟಿಸಿದರೆ ಕಾನೂನಿನ ತೊಡಕು. ಇನ್ನೊಂದು: ಪಾರ್ಸೆಲ್ ಒಳಗೆ "ಮುಂದಿನ ಸಲ ನಮಗೇ ಫೋನ್ ಮಾಡಿ" ಎಂಬ ಚೀಟಿ ಇಡುವುದನ್ನು ಹೆಚ್ಚಿನ ಆ್ಯಪ್‌ಗಳು ಒಪ್ಪುವುದಿಲ್ಲ, ಖಾತೆಯನ್ನೇ ತಡೆಹಿಡಿಯಬಹುದು. ಆದರೆ ಪೊಟ್ಟಣದ ಮೇಲೆ ಗ್ರಾಹಕ ದೂರಿಗಾಗಿ ಫೋನ್ ನಂಬರ್ ಮುದ್ರಿಸಬೇಕೆಂದು ಪೊಟ್ಟಣ ಸರಕಿನ ನಿಯಮವೇ ಹೇಳುತ್ತದೆ. ಆ ನಂಬರ್ ಸಂಘದ ಹೆಸರಿನದಾಗಿರಲಿ, ಅಧ್ಯಕ್ಷೆ ಬದಲಾದಾಗ ಕೈಬದಲಾಗುವ ಸಿಮ್ ಬೇಡ. ಯುಗಾದಿಗೆ ಹಪ್ಪಳ ಬೇಕೆನ್ನುವವರು ಅದಕ್ಕೇ ಕರೆ ಮಾಡುವುದು.