ಐದನೇ ವಾರಕ್ಕೆ ಮುಗೀತು

ಸೋಮವಾರ ಕಾಲೇಜಿನಲ್ಲಿ ಮೀಟಿಂಗ್. ಐಐಟಿ ಮೇಷ್ಟ್ರುಗಳು ಆನ್‌ಲೈನಿನಲ್ಲಿ ಪುಕ್ಕಟೆ ಪಾಠ ಮಾಡುವ ಎನ್‌ಪಿಟಿಇಎಲ್ ಕೋರ್ಸಿಗೆ ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ಪರೀಕ್ಷೆಗೆ ದುಡ್ಡು ಕಟ್ಟಿದರು, ಎಷ್ಟು ಸರ್ಟಿಫಿಕೇಟ್ ಬಂತು. ಕೊನೆಯ ಅಂಕಿ ನೋಡಿ ಪ್ರಿನ್ಸಿಪಾಲರ ಮುಖ ಸಣ್ಣಗಾಯಿತು. "ಮಿಕ್ಕವರೆಲ್ಲ ವೇಸ್ಟ್ ಅಲ್ವೇನ್ರೀ?" ಅಂದರು. ಒಳ್ಳೆಯ ಮನುಷ್ಯರೇ. ಪಟ್ಟಿ ಕಂಡರೆ ಮಾತ್ರ ಮನುಷ್ಯರು ಕಾಣಿಸುವುದಿಲ್ಲ.

ಬುಧವಾರ ಗುಬ್ಬಿ ತೋಟದ ಬೋರ್‌ವೆಲ್ ಮೋಟರ್ ಸುಟ್ಟಿತು. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ತುಮಕೂರಿನ ರಿವೈಂಡಿಂಗ್ ಅಂಗಡಿಗೆ ತಂದೆವು. ಐಟಿಐ ಓದಿದ ಹುಡುಗ. ತಾಮ್ರದ ತಂತಿಯ ಸುರುಳಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ಐಐಟಿ ಮೇಷ್ಟ್ರೊಬ್ಬರು ಇಂಡಕ್ಷನ್ ಮೋಟರ್ ಪಾಠ ಮಾಡುತ್ತಿದ್ದರು. ನಮ್ಮ ಮಕ್ಕಳು ಸೇರಿದ್ದ ಅದೇ ಕೋರ್ಸು!

"ಪರೀಕ್ಷೆ ಬರೀಲಿಲ್ವಾ?"

"ಯಾಕೆ ಮೇಡಂ? ಮೋಟರಿನ ಒಂದೊಂದು ಸ್ಲಾಟಿಗೆ ಎಷ್ಟು ಸುತ್ತು ತಂತಿ ಅಂತ ಹಳೇ ಕಾಯಿಲ್ ಬಿಚ್ಚಿ ಎಣಿಸ್ತಿದ್ವಿ. ಎಣಿಸಕ್ಕೇ ಆಗ್ದಂಗೆ ಸುಟ್ಟಿದ್ರೆ? ಆ ಲೆಕ್ಕ ಬೇಕಿತ್ತು. ಐದನೇ ವಾರಕ್ಕೆ ಮುಗೀತು. ಮರೆತಾಗ ಮತ್ತೆ ಹಾಕ್ಕೋತೀನಿ."

ಐದನೇ ವಾರಕ್ಕೆ ಮುಗೀತು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಅದೇ ಮಾತು. ಹನ್ನೆರಡು ವಾರದ ಕೋರ್ಸು. ನಮ್ಮ ಪಟ್ಟಿಯಲ್ಲಾದರೆ ಅವನು ಅರ್ಧಕ್ಕೆ ಬಿಟ್ಟವನು. ನಮ್ಮ ಮಕ್ಕಳೋ, ನಾವು ಹೇಳಿದ್ದಕ್ಕೆ ಸೇರುತ್ತಾರೆ. ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಆ 25ರ ಉತ್ತರ ಕೊನೇ ದಿನ ರಾತ್ರಿ ವಾಟ್ಸಾಪಿಗೆ ಬಂದಿರುತ್ತದೆ. ಆ ಗ್ರೂಪಿನಲ್ಲಿ ನಾನೂ ಇದ್ದೇನೆ, ಕಂಡೂ ಕಾಣದ ಹಾಗೆ.

ಈ ತಲೆನೋವು ನಮ್ಮೊಬ್ಬರದ್ದೇ ಅಲ್ಲ ಬಿಡಿ. 2012ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಸರ್ಕ್ಯೂಟ್ ಬಗ್ಗೆ ಪುಕ್ಕಟೆ ಆನ್‌ಲೈನ್ ಕೋರ್ಸ್ ನಡೆಸಿದಾಗ 1,54,763 ಮಂದಿ ಹೆಸರು ಬರೆಸಿದರು, ಪಾಸಾದವರು 7,157. ನೂರಕ್ಕೆ ಐದೂ ಇಲ್ಲ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಹಾರ್ವರ್ಡ್ ಜೊತೆ ಸೇರಿ 17 ಕೋರ್ಸುಗಳನ್ನು ಜಾಲಾಡಿ 2014ರಲ್ಲಿ ವರದಿ ಕೊಟ್ಟರು. ಸರ್ಟಿಫಿಕೇಟ್ ಪಡೆದವರು 43,196. ಅದಿಲ್ಲದೆಯೂ ಅರ್ಧವೋ ಅದಕ್ಕಿಂತ ಜಾಸ್ತಿಯೋ ಪಾಠ ತೆರೆದು ನೋಡಿದವರು 35,937! ಅಲ್ಲೂ ಎಷ್ಟು ಜನ ರಿವೈಂಡಿಂಗ್ ಹುಡುಗರಿದ್ದರೋ. ಸೇರುವಾಗಲೇ "ನಿಂಗೇನು ಬೇಕಪ್ಪಾ?" ಅಂತ ಕೇಳಿ, ಕೊನೆಗೆ ಅದು ಸಿಕ್ಕಿತಾ ಅಂತ ನೋಡಬಾರದಾ? ಮೀಟಿಂಗಿನಲ್ಲಿ ಇದನ್ನು ಹೇಳುವ ಧೈರ್ಯ ನನಗಂತೂ ಇಲ್ಲ. "ಅದಕ್ಕೆ ಕಾಲಂ ಎಲ್ಲಿದೆ ಮೇಡಂ?" ಅಂತಾರೆ.

ನಿನ್ನೆ ಮೋಟರ್ ಬಂತು. ಕಾಯಿಲ್ ಪೂರ್ತಿ ಕರಕಲಾಗಿತ್ತಂತೆ, ಒಂದು ಸುತ್ತೂ ಎಣಿಸಲು ಆಗಲಿಲ್ಲವಂತೆ. ಬೆಳಗ್ಗೆಯಿಂದ ಅಡಿಕೆ ಸಾಲಿಗೆ ನೀರು ಹರಿಯುತ್ತಿದೆ.